ಆರ್ವೋನ ಅಭಿಪ್ರಾಯವೂ ಅಂಟಿಕೊಂಡ ನಾಲಿಗೆಯೂ

ನಗಿಸುವ ಕಾರ್ಟೂನುಗಳ ಬಗ್ಗೆ ಬಾಯಿ ಬಿಡುವ ಅಧಿಕಾರ ಈ ಭೂಮಂಡಲದಲ್ಲಿ ಯಾರಿಗಾದರೂ ಇದ್ದರೆ ಅದು ತನ್ನೊಬ್ಬನಿಗೇ ಎಂದು ಆರ್ವೋ ಲೆಹ್ಟಿನೆನ್ ಸೋಮವಾರ ಸಂಜೆ ಊಟದ ಮೇಜಿನಲ್ಲಿ ಘೋಷಿಸಿದ. ಸುಮ್ಮನೆ ಘೋಷಣೆಯಲ್ಲ! ಮೀನಿನ ಸಾರಿನ ಚಮಚವನ್ನು ರಾಜದಂಡದ ಹಾಗೆ ಎತ್ತಿ ಹಿಡಿದು, ಎರಡು ಹನಿ ಸಾರನ್ನು ಹೆಂಡತಿಯ ತೋಳಿಗೆ ಪ್ರೋಕ್ಷಣೆ ಮಾಡಿ, ಗಂಟಲು ಸರಿಪಡಿಸಿಕೊಂಡು ಮಾಡಿದ ಘೋಷಣೆ.

“ಎಲ್ಲಾ ಕಾರ್ಟೂನಲ್ಲೂ ಅಪ್ಪ ಅನ್ನೋನು ಒಂದೇ ಥರ! ಹೊಟ್ಟೆ ಡೊಳ್ಳು, ತಲೆ ಬೋಳು, ಒಳಗೆಲ್ಲಾ ಟೊಳ್ಳು! ಈ ‘ಡಫಲ್ ಪರಿವಾರ’ನೇ ತಗೋ. ಶುರುವಿನ ಹಾಡಲ್ಲೇ ಆ ನಾರ್ಮ್ ಡಫಲ್ ಏನ್ಮಾಡ್ತಾನೆ? ಕೊರೆಯೋ ಚಳೀಲಿ ಹೋಗಿ ಕಬ್ಬಿಣದ ಟಪಾಲು ಡಬ್ಬಿ ನೆಕ್ತಾನೆ! ನಾಲಿಗೆ ಅಂಟ್ಕೊಳ್ಳುತ್ತೆ! ಹೇಳು ಡೋರೀನ್, ಯಾವ ಅಪ್ಪ ಹೀಗ್ಮಾಡ್ತಾನೆ? ಇದು ಅಪ್ಪಂದಿರ ಕುಲಕ್ಕೇ ಅವಮಾನ!”

“ಹಾಡು ಮುಗಿದ್ಮೇಲೆ ಏನಾಗುತ್ತೆ?” ಡೋರೀನ್ ತೋಳು ಒರೆಸಿಕೊಳ್ಳುತ್ತಾ ಕೇಳಿದಳು.

ಆರ್ವೋ ತಡವರಿಸಿದ. “ಆಮೇಲೆ... ಕಥೆ ಆಗುತ್ತೆ.”

“ಕಥೆ ಅಲ್ಲ ರೀ, ಗೊರಕೆ ಆಗುತ್ತೆ. ನಿಮ್ಮದು.”

ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಥಂಡಿಯನ್ನು ಹೆಸರಿನಲ್ಲೇ ಇಟ್ಟುಕೊಂಡ ಥಂಡರ್ ಬೇ ಊರಿನಲ್ಲಿ ಆರ್ವೋ ರಸ್ತೆಯ ಹಿಮ ತಳ್ಳುವ ಗಾಡಿಯ ಚಾಲಕ. ಊರು ಏಳುವ ಮುಂಚೆ ಅವನ ಕೆಲಸ ಮುಗಿದಿರಬೇಕು. ಹಾಗಾಗಿ ಊರು ಎದ್ದಿರುವಾಗ ಅವನಿಗೆ ನಿದ್ದೆ. ಸೋಫಾ, ಕಂಬಳಿ, ಕಾರ್ಟೂನಿನ ಹಾಡು, ಈ ಮೂರೂ ಸೇರಿದರೆ ಸಾಕು, ಬೆಟ್ಟ ಉರುಳಿದರೂ ಎಚ್ಚರವಿಲ್ಲ. ಇಪ್ಪತ್ತು ಕಾರ್ಟೂನುಗಳ ಹಾಡು ಅವನಿಗೆ ಬಾಯಿಪಾಠ. ಒಂದರ ಕಥೆಯೂ ಗೊತ್ತಿಲ್ಲ. ಅಭಿಪ್ರಾಯ ಮಾತ್ರ ಇಪ್ಪತ್ತರ ಮೇಲೂ ಉಂಟು! ಕಾರ್ಟೂನಿನವರಿಗೆ ನಾಲ್ಕೇ ಬೆರಳಂತೆ, ಹಿಮದ ಸಲಿಕೆ ಹಿಡಿಯುವುದು ಹೇಗಂತೆ? ಹತ್ತು ವರ್ಷವಾದರೂ ಅದೇ ಅಂಗಿಯಂತೆ, ಒಗೆಯುವುದು ಯಾವಾಗಂತೆ?

ಇನ್ನು ನಾಲಿಗೆಯ ವಿಷಯದಲ್ಲಂತೂ ಅವನು ಊರಿನ ಅಧಿಕೃತ ಪಂಡಿತ. ಪ್ರತಿ ವರ್ಷ ಮೊದಲ ಹಿಮ ಬಿದ್ದ ವಾರ ಗಾಡಿ ಸಮೇತ ಶಾಲೆಗೆ ಹೋಗಿ, “ಮಕ್ಕಳೇ, ಚಳೀಲಿ ಕಬ್ಬಿಣ ನೆಕ್ಕಬಾರದು. ನಾಲಿಗೆ ಬಾಯೊಳಗೇ ಇರಲಿ!” ಎಂದು ಭಾಷಣ ಬಿಗಿಯುವವನು ಅವನೇ. ಹದಿನಾಲ್ಕು ವರ್ಷದಿಂದ ಒಂದೇ ಭಾಷಣ, ಒಂದೇ ಚಪ್ಪಾಳೆ.

ಮೇಜಿನ ಆ ತುದಿಯಲ್ಲಿ ಮಗಳು ಕೈಸಾ ಮುಖ ಊದಿಸಿಕೊಂಡು ಕೂತಿದ್ದಳು. ಹದಿನೇಳು ವರ್ಷ. ಎರಡು ವರ್ಷದ ಹಿಂದಿನವರೆಗೂ ಭಾನುವಾರ ಸಂಜೆ ಅಪ್ಪನ ಕಂಬಳಿಯ ಅರ್ಧ ಎಳೆದುಕೊಂಡು, ಸೋಫಾದ ಎಡ ಮೂಲೆಯಲ್ಲಿ ಕೂತು ಅವಳೂ ಕಾರ್ಟೂನು ನೋಡುತ್ತಿದ್ದಳು. ಆಮೇಲೊಂದು ದಿನ “ಗೊರಕೇಲಿ ಒಂದು ಮಾತೂ ಕೇಳಲ್ಲ” ಎಂದು ಎದ್ದು ಕೋಣೆಯ ಬಾಗಿಲು ಹಾಕಿಕೊಂಡವಳು ಮತ್ತೆ ಬರಲಿಲ್ಲ. ಆ ಖಾಲಿ ಮೂಲೆಗೆ ಆರ್ವೋ ಈಗಲೂ ಕಂಬಳಿಯ ಅರ್ಧ ಬಿಟ್ಟಿರುತ್ತಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

“ಏನಾಯ್ತು ಮಗಾ?”

“ಮುಗೀತು ನನ್ನ ಕಥೆ! ಶಾಲೆ ಮುಗಿಸೋಕೆ ನಲವತ್ತು ಗಂಟೆ ಊರಿನ ಸೇವೆ ಮಾಡ್ಬೇಕಲ್ಲ, ಇನ್ನೂ ಹತ್ತು ಗಂಟೆ ಬಾಕಿ ಇದೆ. ಲೈಬ್ರರೀಲಿ ಶನಿವಾರದ ಕಾರ್ಯಕ್ರಮ ನಡೆಸಿಕೊಟ್ರೆ ಹತ್ತಕ್ಕೂ ಸಹಿ ಹಾಕ್ತೀನಿ ಅಂದಿದ್ರು ಜಿನೆಟ್ ಮೇಡಂ. ‘ಸಾಮಾನ್ಯ ನೋಡುಗನ ಮಾತು’ ಅಂತ. ವಿಷಯ, ನಗಿಸೋ ಕಾರ್ಟೂನು. ಈಗ ನೋಡಿದ್ರೆ ಮಾತಾಡೋರಿಗೇ ಜ್ವರ!”

ಆರ್ವೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. “ನಾನಿಲ್ವಾ!”

“ಬೇಡಪ್ಪಾ!” ಎಂದರು ತಾಯಿ ಮಗಳು, ಒಂದೇ ಉಸಿರಿನಲ್ಲಿ.

“ನನಗಿಂತ ಸಾಮಾನ್ಯ ನೋಡುಗ ಇನ್ಯಾರಿದ್ದಾರೆ? ನನ್ನಷ್ಟು ಸಾಮಾನ್ಯ ಈ ಊರಲ್ಲೇ ಇಲ್ಲ!”

“ಅದು ನಿಜ,” ಎಂದಳು ಡೋರೀನ್.

ಕೈಸಾ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಬೇರೆ ಗತಿಯೂ ಇರಲಿಲ್ಲ. “ಸರಿ. ಆದ್ರೆ ‘ಡಫಲ್ ಪರಿವಾರ’ದ ಒಂದು ಇಡೀ ಸರಣಿ, ಹತ್ತೂ ಕಂತು, ಶುಕ್ರವಾರದೊಳಗೆ ಎಚ್ಚರವಾಗಿದ್ದು ನೋಡ್ಬೇಕು. ಮೂರು ಕಂತಿಗೊಂದ್ಸಲ ಟೀವಿ ‘ಇನ್ನೂ ನೋಡ್ತಾ ಇದ್ದೀರಾ?’ ಅಂತ ಕೇಳುತ್ತೆ. ಹೌದು ಅಂತ ಒತ್ತದಿದ್ರೆ ಅಲ್ಲೇ ನಿಲ್ಲುತ್ತೆ. ನಿಂತ್ರೆ ನೀನು ಮಲಗಿದ್ದೆ ಅಂತ ನನಗೆ ಗೊತ್ತಾಗುತ್ತೆ.”

“ನೋಡಿದ್ರೆ?”

“ನೋಡಿ, ನನ್ನ ಮಾನಾನೂ ಉಳಿಸಿದ್ರೆ... ಭಾನುವಾರ ಸೋಫಾಕ್ಕೆ ಬರ್ತೀನಿ.”

ಆರ್ವೋನ ಎದೆ ಉಬ್ಬಿತು. ಅಂಗಿಯ ಗುಂಡಿಯೊಂದು ಹಾರಿ ಸಾರಿಗೆ ಬಿತ್ತು. “ಕೊಟ್ಟೆ ಮಾತು! ಈ ನಾಲಿಗೆ ಒಂದ್ಸಲ ಅಂದ್ರೆ ಮುಗೀತು, ಹಿಂದಕ್ಕೆ ಬರಲ್ಲ!”

ಅಯ್ಯಾ ಓದುಗರೇ, ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಂಗಳವಾರ ಮಧ್ಯಾಹ್ನ ಆರ್ವೋ ಸೋಫಾದ ಮೇಲೆ ಯುದ್ಧಕ್ಕೆ ಕೂತವನಂತೆ ಕೂತ. ಹಾಡು ಶುರುವಾಯಿತು. ನಾರ್ಮ್ ಡಫಲ್ ಟಪಾಲು ಡಬ್ಬಿ ನೆಕ್ಕಿದ. ಆಮೇಲೆ ಕಣ್ಣು ಬಿಟ್ಟಾಗ ಟೀವಿಯ ತುಂಬ ದಪ್ಪ ಅಕ್ಷರ: “ಇನ್ನೂ ನೋಡ್ತಾ ಇದ್ದೀರಾ?”

“ನೋಡ್ತಾನೇ ಇದ್ದೀನಿ ಕಣೋ!” ಎಂದು ಆರ್ವೋ ಟೀವಿಯನ್ನೇ ಗದರಿಸಿದ. ಆದರೆ ಶಾಲೆಯಿಂದ ಬಂದ ಕೈಸಾ ಆಗಲೇ ಬೆನ್ನ ಹಿಂದೆ ನಿಂತಿದ್ದಳು.

“ಎರಡನೇ ಕಂತಲ್ಲಿ ಏನಾಯ್ತಪ್ಪಾ?”

“ಅದೇ... ನಾರ್ಮ್ ಒಂದು ತಪ್ಪು ಮಾಡ್ತಾನೆ. ಹೆಂಡ್ತಿ ಬೈತಾಳೆ.”

“ಅದು ನಮ್ಮನೇಲಿ ಆಗಿದ್ದು. ಮೊದಲಿಂದ ಶುರು ಮಾಡು.”

ಬುಧವಾರ ನಿಂತು ನೋಡಲು ನಿರ್ಧರಿಸಿದ. ನಿಂತವನು ಸುಮ್ಮನೆ ನಿಲ್ಲಬೇಕೇ? ಹೆಂಡತಿಗೆ ಉಪಕಾರವಾಗಲಿ ಎಂದು ಅವಳ ಬಟ್ಟೆಗೆ ಇಸ್ತ್ರಿ ಹಾಕತೊಡಗಿದ. ಡೋರೀನ್ ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ ಕೆಲಸ ಮಾಡುವವಳು. ಅವಳ ಬಿಳಿ ಮೇಲಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಆರ್ವೋ ನಿಂತಲ್ಲೇ ಕುದುರೆಯ ಹಾಗೆ ನಿದ್ದೆ ಹೋದ. ಹೊಗೆ ಎದ್ದರೆ ಕೂಗುವ ಗಂಟೆ ಬಡಿದುಕೊಂಡಾಗ ಎಚ್ಚರವಾಯಿತು. ಮೇಲಂಗಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಿಟಕಿಯೊಂದು ತೆರೆದಿತ್ತು.

“ಗಾಳಿ ಆಡ್ಲಿ ಅಂತ ಮಾಡಿದ್ರಾ?” ಎಂದಳು ಡೋರೀನ್, ಆ ಕಿಟಕಿಯಿಂದ ಗಂಡನನ್ನು ನೋಡುತ್ತಾ.

ಗುರುವಾರ ಹನ್ನೊಂದು ಲೋಟ ಕಾಫಿ ಕುಡಿದ. ನಿದ್ದೆಯೇನೋ ಹತ್ತಿರ ಸುಳಿಯಲಿಲ್ಲ. ಆದರೆ ಹನ್ನೊಂದು ಲೋಟದ ಕಾಫಿ ಒಳಗೇ ಇರುತ್ತದೆಯೇ? ಪ್ರತಿ ಕಂತಿನ ಅರ್ಧವನ್ನು ಬಚ್ಚಲುಮನೆಯಿಂದ ಕಿವಿಯಲ್ಲೇ ನೋಡಬೇಕಾಯಿತು. “ಕೇಳಿದ್ದು ನೋಡಿದ್ದಾಗಲ್ಲ,” ಎಂದು ಕೈಸಾ ತೀರ್ಪು ಕೊಟ್ಟಳು. ದನಿಯಲ್ಲಿ ಕೋಪವಿರಲಿಲ್ಲ. “ಬಿಡಪ್ಪಾ, ಜಿನೆಟ್ ಮೇಡಂಗೆ ಆಗಲ್ಲ ಅಂತ ಹೇಳ್ಬಿಡ್ತೀನಿ,” ಎಂದು ಸೋತವಳಂತೆ ಹೇಳಿ ಕೋಣೆಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅವಳು ಧಡಾರನೆ ಹಾಕಿದ್ದರೂ ಆರ್ವೋಗೆ ಇಷ್ಟು ನೋವಾಗುತ್ತಿರಲಿಲ್ಲ.

“ಇನ್ನೊಂದು ದಿನ ಇದೆ!” ಎಂದು ಅವನು ಮುಚ್ಚಿದ ಬಾಗಿಲಿಗೆ ಕೂಗಿ ಹೇಳಿದ.

ಶುಕ್ರವಾರ ಅವನಿಗೆ ರಜೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಆರ್ವೋಗೆ ಮಹಾ ಉಪಾಯ ಹೊಳೆಯಿತು. ಹಿತ್ತಲಲ್ಲಿ ಅಜ್ಜ ಕಟ್ಟಿದ ಮರದ ಸೌನಾ ಇತ್ತು. ಒಲೆ ಉರಿಸಿ, ಕಲ್ಲಿಗೆ ನೀರು ಚೆಲ್ಲಿ, ಹಬೆಯಲ್ಲಿ ಬೆವರುವುದು. ಆಮೇಲೆ ಹೊರಗಿನ ಜಗಲಿಗೆ ಬಂದು ತಣ್ಣಗಾಗುವುದು. ಲೆಹ್ಟಿನೆನ್ ವಂಶದಲ್ಲಿ ಇದು ಹುಟ್ಟಿನಿಂದ ಬಂದ ಅಭ್ಯಾಸ. ಸೊಂಟಕ್ಕೊಂದು ಟವೆಲು ಸುತ್ತಿ ಆ ಜಗಲಿಯಲ್ಲಿ ಕೂತು ನೋಡಿದರೆ ಯಾವ ನಿದ್ರಾದೇವಿ ಬರುತ್ತಾಳೆ? ಬಂದರೂ ಅವಳೇ ಹೆಪ್ಪುಗಟ್ಟುತ್ತಾಳೆ!

ಡೋರೀನಳ ಟ್ಯಾಬ್ಲೆಟ್ ಹಿಡಿದು ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿದ. ಸ್ವಲ್ಪ ಹೊತ್ತು ಒಳಗೆ ಬೆವರುವುದು, ಸ್ವಲ್ಪ ಹೊತ್ತು ಹೊರಗೆ ನೋಡುವುದು. ಅಬ್ಬಬ್ಬಾ, ಏನು ಎಚ್ಚರ! ಮೂರನೇ ಕಂತು ಮುಗಿಯಿತು, “ಇನ್ನೂ ನೋಡ್ತಾ ಇದ್ದೀರಾ?” ಒತ್ತಿದ. ಆರು ಮುಗಿಯಿತು, ಮತ್ತೆ ಒತ್ತಿದ. ಸತ್ಯ ಹೇಳಬೇಕೆಂದರೆ ಆರ್ವೋಗೆ ನಗು ಬರತೊಡಗಿತ್ತು. ಆ ನಾರ್ಮ್ ಡಫಲ್ ಪಾಪದವನು! ಪ್ರತಿ ಸಲ ಮನೆಯವರಿಗೆ ಏನೋ ಒಳ್ಳೆಯದು ಮಾಡಲು ಹೋಗಿಯೇ ಎಡವುತ್ತಿದ್ದ. ಹಾಡಿನಾಚೆ ಇಷ್ಟೆಲ್ಲ ಇದೆಯೇ ಎಂದು ಆರ್ವೋ ಬೆರಗಾದ.

ಒಂಬತ್ತನೇ ಕಂತು ಮುಗಿಯಿತು. “ಇನ್ನೂ ನೋಡ್ತಾ ಇದ್ದೀರಾ?”

ಅದೇ ಗಳಿಗೆಗೆ ಟವೆಲಿನ ಗಂಟು ಸಡಿಲವಾಯಿತು. ಆರ್ವೋ ಎದ್ದು ನಿಂತು ಎಡಗೈಯಲ್ಲಿ ಟವೆಲು ಹಿಡಿದ. ಬಲಗೈಯಲ್ಲಿ ಟ್ಯಾಬ್ಲೆಟ್. ಒತ್ತುವುದು ಯಾವುದರಿಂದ? ಟವೆಲು ಬಿಡುವಂತಿಲ್ಲ, ಪಕ್ಕದ ಮನೆಯ ಅಡುಗೆಮನೆ ಕಿಟಕಿಯಲ್ಲಿ ಎಂಬತ್ತು ವರ್ಷದ ಐಲಿ ಹಕಾಲಾ ಅಜ್ಜಿ ಪಾತ್ರೆ ತೊಳೆಯುತ್ತಾ ಇತ್ತಲೇ ನೋಡುತ್ತಿದ್ದರು. ಮೂಗಿನಿಂದ ಒತ್ತಿದ. ಚಳಿಗೆ ಮರಗಟ್ಟಿದ ಮೂಗನ್ನು ಆ ಗಾಜು ಲೆಕ್ಕಕ್ಕೇ ಇಡಲಿಲ್ಲ. ಪರದೆ ಮಂಕಾಗತೊಡಗಿತು. ಈಗ ಒತ್ತದಿದ್ದರೆ ನಿಂತೇ ಹೋಗುತ್ತದೆ! ಹತ್ತನೇ ಕಂತು! ಸೋಫಾದ ಎಡ ಮೂಲೆ!

ಮೈಯಲ್ಲಿ ಬೆಚ್ಚಗೆ ಉಳಿದಿದ್ದ ಅಂಗ ಒಂದೇ ಒಂದು. ಆರ್ವೋ ಅದನ್ನು ಹೊರಗೆ ಚಾಚಿದ.

ಗೆದ್ದ! ನಾಲಿಗೆ ತಾಗಿದ್ದೇ “ಹೌದು” ಎಂಬುದು ಒತ್ತಿಕೊಂಡಿತು, ಹತ್ತನೇ ಕಂತು ಶುರುವಾಯಿತು. ಆದರೆ ನಾಲಿಗೆ ಅಲ್ಲಿಗೇ ನಿಲ್ಲದೆ ಒಂದು ಬೆರಳಷ್ಟು ಜಾರಿ ಟ್ಯಾಬ್ಲೆಟ್ಟಿನ ಲೋಹದ ಅಂಚಿಗೆ ಹೋಗಿ ಕೂತುಬಿಟ್ಟಿತು. ಕೂತದ್ದು ಏಳಲಿಲ್ಲ. ಎಳೆದ, ಪ್ರಾಣ ಹೋದಂತಾಯಿತು. ಕಣ್ಣೆದುರಿಗೇ ಹಾಡು, ಹಾಡಿನಲ್ಲಿ ನಾರ್ಮ್ ಡಫಲ್, ನಾರ್ಮ್ ಡಫಲ್‌ನ ನಾಲಿಗೆ ಟಪಾಲು ಡಬ್ಬಿಗೆ! ಇಬ್ಬರು ಅಪ್ಪಂದಿರೂ ನಾಲಿಗೆ ಚಾಚಿಕೊಂಡು ಒಬ್ಬರನ್ನೊಬ್ಬರು ನೋಡಿದರು.

ಸೌನಾದ ಒಳಗೆ ಹೋದರೆ ಬಿಡುತ್ತದೆ. ಆದರೆ ಬಾಗಿಲಿಗೆ ಗುಂಡು ಹಿಡಿಕೆ, ಎರಡು ಕೈಗೂ ಕೆಲಸ. ಕಾಲಿನಿಂದ ಒದ್ದ. ಸದ್ದು ಕೇಳಿ ಹಕಾಲಾ ಅಜ್ಜಿ ಕಿಟಕಿ ತೆರೆದರು.

“ಏನಾಯ್ತೋ ಆರ್ವೋ?”

“ಆಯಿಗೆ! ಆಯಿಗೆ ಅಂತ್ಕೊಂಡ್‌ಬಿತ್ತಿದೆ!”

“ನಾಯಿಗಾ? ನಮ್ಮ ನಾಯಿಗೆ ಏನಾಯ್ತೋ?”

“ಆಯಿಗಲ್ಲ! ಆಯಿಗೆ!”

“ಅಯ್ಯೋ ದೇವ್ರೇ, ಮುಸ್ಟಿ! ಮುಸ್ಟೀ!” ಅಜ್ಜಿ ಬಾಗಿಲು ತೆರೆದು ನಾಯಿಯನ್ನು ಹುಡುಕಲು ಹೊರಗೆ ಬಂದರು. ನಾಯಿ ಅಜ್ಜಿಯ ಮನೆಯೊಳಗೇ ಒಲೆಯ ಹತ್ತಿರ ಸುಖವಾಗಿ ಮಲಗಿತ್ತು. ತನ್ನ ಹೆಸರು ಕೇಳಿ ಚಂಗನೆ ಹಾರಿ ಬಂದು, ಜಗಲಿಯಲ್ಲಿ ಪಟಪಟ ಬಡಿಯುತ್ತಿದ್ದ ಟವೆಲಿನ ತುದಿ ಕಂಡು ಅದಕ್ಕೇ ಬಾಯಿ ಹಾಕಿತು. ಇದನ್ನೇ ಕಾರ್ಟೂನಿನಲ್ಲಿ ತೋರಿಸಿದ್ದರೆ ಆರ್ವೋ “ಅತಿಯಾಯ್ತು” ಎಂದು ಚಮಚ ಎತ್ತುತ್ತಿದ್ದ. ಈಗ ಎತ್ತಲು ಕೈ ಎಲ್ಲಿದೆ? ಟವೆಲಿನ ಒಂದು ತುದಿ ನಾಯಿಯದು, ಒಂದು ತುದಿ ಅವನದು.

ಸರಿಯಾಗಿ ಆಗಲೇ ಅಂಗಳಕ್ಕೆ ಕಾರು ಬಂದು ನಿಂತಿತು. ಕಾರ್ಯಕ್ರಮ ರದ್ದು ಮಾಡುವ ಮುಂಚೆ ಭಾಷಣಕಾರರನ್ನು ಒಮ್ಮೆ ನೋಡಿಯೇ ಬಿಡೋಣ ಎಂದು ಲೈಬ್ರರಿಯ ಜಿನೆಟ್ ಮೇಡಂ ಕೈಸಾಳನ್ನು ಶಾಲೆಯಿಂದ ಕರೆದುಕೊಂಡು ಬಂದಿದ್ದರು. ಭಾಷಣಕಾರರನ್ನು ನೋಡಿದರು. ಸಾಕಷ್ಟು ನೋಡಿದರು.

ಕೈಸಾ ಚೀಲ ಕೆಳಗಿಟ್ಟು ಹತ್ತಿರ ಬಂದಳು. ಟ್ಯಾಬ್ಲೆಟ್ಟಿನಲ್ಲಿ ಹತ್ತನೇ ಕಂತು ಓಡುತ್ತಿತ್ತು.

“ಅಪ್ಪಾ... ಇನ್ನೂ ನೋಡ್ತಾ ಇದ್ದೀಯಾ?”

ಆರ್ವೋ ಹೌದೆಂದು ತಲೆಯಾಡಿಸಿದ. ಟ್ಯಾಬ್ಲೆಟ್ಟೂ ಆಡಿತು.

ಜಿನೆಟ್ ಮೇಡಂ ಮರ್ಯಾದೆಗೆ ಬೆನ್ನು ತಿರುಗಿಸಿ ನಾಯಿಯನ್ನು ಬಿಡಿಸಿದರು. ಕೈಸಾ ಉಗುರುಬೆಚ್ಚಗಿನ ನೀರು ತಂದು ಮೆಲ್ಲಗೆ ಹುಯ್ದು ನಾಲಿಗೆ ಬಿಡಿಸಿದಳು. ಅಡುಗೆಮನೆಯಲ್ಲಿ ಕಂಬಳಿ ಹೊದಿಸಿ ಕೂರಿಸಿ, ಉಳಿದ ಕಂತನ್ನು ಎದುರಿಗೆ ನಿಂತು ಪೂರ್ತಿ ತೋರಿಸಿದಳು. ಆರ್ವೋ ತನ್ನ ಜನ್ಮದಲ್ಲಿ ಕೊನೆ ಕಂಡ ಮೊದಲ ಕಾರ್ಟೂನು ಅದು. ಸಂಜೆ ಡೋರೀನ್ ಬಂದು ನಾಲಿಗೆ ಚಾಚಿಸಿ ನೋಡಿದಳು. “ಎರಡು ದಿನ ಮಾತಾಡೋ ಹಾಗಿಲ್ಲ. ಇಪ್ಪತ್ತು ವರ್ಷದಿಂದ ನಾನು ದೇವರಲ್ಲಿ ಬೇಡಿದ್ದು ಇದನ್ನೇ.”

ಆದರೆ ಶನಿವಾರ ಮಧ್ಯಾಹ್ನ ಆರ್ವೋ ಲೈಬ್ರರಿಗೆ ಹೋದ. ಮಾತು ಕೊಟ್ಟಾಗಿತ್ತು! ಸಾಮಾನ್ಯವಾಗಿ ಹತ್ತು ಜನ ಬರುವ ಕಡೆ ಅರವತ್ತು ಜನ ಸೇರಿದ್ದರು. ಹಕಾಲಾ ಅಜ್ಜಿ ಊರೆಲ್ಲ ಫೋನು ಮಾಡಿ, ಮುಂದಿನ ಸಾಲಿನಲ್ಲಿ ಗುಲಾಬಿ ಬಣ್ಣದ ಸಿಹಿ ಬನ್ನು ತಿನ್ನುತ್ತಾ ಕೂತಿದ್ದರು. ಆರ್ವೋ ಸೋಮವಾರವೇ ಬರೆದಿಟ್ಟ ಭಾಷಣದ ಹಾಳೆಗಳನ್ನು ಮಗಳ ಕೈಗೆ ಕೊಟ್ಟ. ಕೈಸಾ ಮೊದಲ ಸಾಲು ಓದಿದಳು:

“ಲೋಕದ ಯಾವ ಅಪ್ಪನೂ ಚಳಿಯಲ್ಲಿ ಲೋಹ ನೆಕ್ಕುವುದಿಲ್ಲ.”

ಮೊದಲು ಅಜ್ಜಿ ಕಿಸಕ್ಕೆಂದರು. ಅಲ್ಲಿಂದ ಹಿಂದಿನ ಗೋಡೆಯವರೆಗೂ ನಗು! ಕೈಸಾಳ ಮುಖ ಕೆಂಪಾಯಿತು. ಅದನ್ನು ಕಂಡದ್ದೇ ಆರ್ವೋ ಎದ್ದು ನಿಂತ. ಊದಿದ ನಾಲಿಗೆಯನ್ನು ಶಕ್ತಿಯೆಲ್ಲ ಕೂಡಿಸಿ ಎತ್ತಿದ.

“ಥಿದ್ದುಪಡಿ ಇದೆ! ಎಯಡು! ಒಂದು, ನೆಕ್ತಾನೆ.” ಉಸಿರು ತೆಗೆದುಕೊಂಡ. “ಎಯಡು, ಆ ನಾಮ್ ಡಫಲ್ ನಾಯಿಗೆ ಎಯಡೇ ಥೆಕೆಂಡಿಗೆ ಬಿತ್ತು ಬಯುತ್ತೆ. ಅದು ಥುದ್ಧ ಥುಳ್ಳು!”

ಚಪ್ಪಾಳೆಗೆ ಪುಸ್ತಕದ ಕಪಾಟುಗಳು ಅದುರಿದವು. ಕೈಸಾ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ಆರ್ವೋ ನೋಡಿರಲಿಲ್ಲ. ನಾಲಿಗೆಯ ಉರಿಯೇ ಮರೆತುಹೋಯಿತು. ಜಿನೆಟ್ ಮೇಡಂ ಹತ್ತು ಗಂಟೆಗೂ ಸಹಿ ಹಾಕಿದರು.

ಭಾನುವಾರ ಸಂಜೆ ಕೈಸಾ ಬಂದು ಸೋಫಾದ ಎಡ ಮೂಲೆಯಲ್ಲಿ ಕೂತು, ಅಪ್ಪನ ಕಂಬಳಿಯ ಅರ್ಧ ಎಳೆದುಕೊಂಡಳು. ಈ ಸಲ ಆರ್ವೋ ಹಗಲೆಲ್ಲ ಬೇಕೆಂದೇ ನಿದ್ದೆ ಮಾಡಿ ಬಂದಿದ್ದ. ಕಣ್ಣು ಎರಡೂ ದೀಪದಂತೆ ಉರಿಯುತ್ತಿದ್ದವು. ಹಾಡು ಬಂತು, ಹೋಯಿತು. ಕಥೆ ಶುರುವಾಯಿತು.

“ನೋಡ್ದಾ ಮಗಾ? ಇವನು ಕೆಟ್ಟವನಲ್ಲ, ಒಳ್ಳೇದು ಮಾಡೋಕೆ ಹೋಗಿ ಎಡವ್ತಾನೆ ಅಷ್ಟೆ. ನನ್ನ ಅಭಿಪ್ರಾಯ ಏನಂದ್ರೆ...”

ತಿರುಗಿ ನೋಡಿದ. ಕೈಸಾ ಅವನ ಎಡತೋಳಿಗೆ ತಲೆಯಾನಿಸಿ, ಬಾಯಿ ತೆರೆದು, ಅಪ್ಪಟ ಲೆಹ್ಟಿನೆನ್ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಬಲಗೈ ಕಂಬಳಿಯಡಿ ಅವಳ ಮುಷ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಒಂದು ಕಂತು, ಎರಡು ಕಂತು, ಮೂರು ಕಂತು. ಆರ್ವೋ ಅಲುಗಾಡದೆ ಒಬ್ಬನೇ ನೋಡಿದ. ಟೀವಿಯ ತುಂಬ ದಪ್ಪ ಅಕ್ಷರ ಮೂಡಿತು: “ಇನ್ನೂ ನೋಡ್ತಾ ಇದ್ದೀರಾ?”

ರಿಮೋಟು ಎದುರಿನ ಸಣ್ಣ ಮೇಜಿನ ಮೇಲೆ, ಬಗ್ಗಿದರೆ ಮುಖಕ್ಕೆ ಎಟುಕುವಷ್ಟು ಹತ್ತಿರದಲ್ಲಿತ್ತು. ಎರಡು ಕೈಯೂ ಮಗಳ ವಶ. ಅವನು ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿ ಪಿಸುಗುಟ್ಟಿದ.

“ಡೋರೀನ್, ಸ್ವಲ್ಪ ಅದನ್ನ ಒತ್ತು ಬಾರೇ. ಕೈ ಖಾಲಿ ಇಲ್ಲ.”

ಡೋರೀನ್ ಬಾಗಿಲಲ್ಲಿ ಬಂದು ನಿಂತು ಸೋಫಾ ನೋಡಿದಳು, ರಿಮೋಟು ನೋಡಿದಳು, ಗಂಡನ ಮುಖ ನೋಡಿದಳು.

“ಕೈ ಯಾಕ್ರೀ ನಿಮಗೆ? ನಾಲಿಗೆ ಇದೆಯಲ್ಲ!”