ಸರದಾರನ ಹಣೆಗೆ ವಿಭೂತಿ

ಎಲ್ಲಕ್ಕೂ ಮೂಲ ಮೂರು ಬೆರಳು ವಿಭೂತಿ. ಹಚ್ಚಿದವಳು ಪಕ್ಕದ ಮನೆಯ ಹಾಲವ್ವ, ಹಚ್ಚಿಸಿಕೊಂಡವನು ತಗಡಿನ ಮೇಲಿನ ಹಳೆಯ ಚಿತ್ರದಲ್ಲಿ ರುಮಾಲು ಸುತ್ತಿ ಕುಳಿತಿದ್ದ ನವಾಬರ ಕಾಲದ ಸರದಾರ. ಒದ್ದಾಡಿದವನು ಮಾತ್ರ ಮನೆಯ ಯಜಮಾನ ಪರಮೇಶಪ್ಪ.

ಸವಣೂರಿನ ಪರಮೇಶಪ್ಪ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಹುಬ್ಬಳ್ಳಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಗಾಜಿನ ಕೊಳವೆ ಅಲುಗಾಡಿಸಿ ಬೇಸತ್ತು, ಊರಿಗೆ ಬಂದು ಹಿತ್ತಲಲ್ಲಿ ಫಿನಾಯಿಲ್ ತಯಾರಿಸತೊಡಗಿದ. ಈಗ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಅವನ ಮಾಲು ಮುಟ್ಟದ ಬಚ್ಚಲಿಲ್ಲ. ರೊಕ್ಕ ಬಂತು, ಮಹಡಿ ಮನೆ ಬಂತು, ಜೊತೆಗೆ 'ಫಿನಾಯಿಲ್ ಪರಮೇಶಪ್ಪ' ಎಂಬ ಹೆಸರೂ ಬಂತು. ಹೆಸರಿಟ್ಟವನು ಎದುರುಮನೆಯ ಪೇಂಟರ್ ಬಂದೇಸಾಬ. 'ಪರಮೇಶಪ್ಪನವರ ಅಪ್ಪಟ ಶುದ್ಧ ಫಿನಾಯಿಲ್' ಎಂದು ಬೋರ್ಡು ಬರೆಯಲು ಹೇಳಿದರೆ, ಜಾಗ ಸಾಲದೆಂದು ಅವನೇ ಮೊಟಕು ಮಾಡಿ ಬರೆದುಬಿಟ್ಟಿದ್ದ. ಬಂಕಾಪುರ ರಸ್ತೆಯ ಮೂಲೆಯಲ್ಲಿದ್ದ ಆ ಬೋರ್ಡು ಹೋದ ವರ್ಷದ ಗಾಳಿಗೆ ಕಿತ್ತು ಎಲ್ಲಿಯೋ ಹೋಯಿತು. ಪರಮೇಶಪ್ಪ ಹುಡುಕುವ ಗೋಜಿಗೆ ಹೋಗಲಿಲ್ಲ. ಆದರೆ ಹೆಸರು ಬೋರ್ಡಿನ ಜೊತೆ ಹೋಗಲಿಲ್ಲ. ಮದುವೆಯ ಪಂಕ್ತಿಯಲ್ಲಿ "ಫಿನಾಯಿಲ್ ಪರಮೇಶಪ್ಪನವರಿಗೆ ಇನ್ನೊಂದು ಹೋಳಿಗಿ ನೀಡ್ರಿ" ಎಂದು ಯಾರಾದರೂ ಕೂಗಿದರೆ ಪಾಪ, ಹೋಳಿಗೆ ಗಂಟಲಲ್ಲೇ ನಿಲ್ಲುತ್ತಿತ್ತು.

ಆ ಹೆಸರು ತೊಳೆದುಕೊಳ್ಳಲೆಂದೇ ಅವನು ಕಲಾಸಂಗ್ರಹಕ್ಕೆ ಕೈಹಾಕಿದ್ದು. ಬರಬರುತ್ತಾ ನಿಜವಾಗಿಯೂ ಹುಚ್ಚು ಹಿಡಿಯಿತು. ಗಾಜಿನ ಚಿತ್ರ, ಕಾಲು ಮುರಿದ ಕಟ್ಟಿಗೆಯ ಕುದುರೆ, ಯಾರದೋ ವಾಡೆಯ ಕಂಬ ಎಲ್ಲವೂ ಮನೆ ಸೇರಿ, ಹೆಂಡತಿ ಸರೋಜವ್ವನಿಗೆ ಶಾವಿಗೆ ಒಣಹಾಕಲು ಜಾಗವಿಲ್ಲದಂತಾಯಿತು. ಕೊನೆಗೆ ಯಲವಿಗಿ ಸ್ಟೇಷನ್ನಿನ ಹತ್ತಿರದ ಹಳೆ ಸಾಮಾನಿನ ಅಂಗಡಿಯಲ್ಲಿ ಈ ಸರದಾರ ಸಿಕ್ಕ. ನೋಡಿದ ಕೂಡಲೇ ಪರಮೇಶಪ್ಪನಿಗೆ ಹೋದ ಜನ್ಮದ ನಂಟು ಎನಿಸಿತು. ಆ ಕಣ್ಣುಗಳನ್ನು ಎಲ್ಲೋ ನೋಡಿದ್ದೇನೆ! ಅಂಗಡಿಯವನು ಕೊಟ್ಟ ಚಹಾ ಕುಡಿಯುತ್ತಾ ಚಿತ್ರವನ್ನು ಮೂರು ಸಲ ಮೂಸಿ, "ನೂರೈವತ್ತು ವರ್ಷದ ವಾರ್ನಿಷ್. ನಾ ಕೆಮಿಸ್ಟ್ ಅದೇನಿ, ನನಗ ಗೊತ್ತಾಗತೈತಿ" ಎಂದು ಹೇಳಿ, ಓಡಾಡುವ ಸ್ಕೂಟರನ್ನು ಅಲ್ಲಿಯೇ ಬಿಟ್ಟು, ಬದಲಿಗೆ ಸರದಾರನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದಿದ್ದ.

ಈ ಹೊತ್ತು ಬೆಂಗಳೂರಿನ ಗ್ಯಾಲರಿಯ ಶೀಲಾ ಹುಬ್ಬಳ್ಳಿಯ ಮೇಲಿಂದ ಚಿತ್ರವನ್ನು ನೋಡಲು ಬರುವವಳಿದ್ದಳು. ಮೆಚ್ಚಿದರೆ ಪ್ರದರ್ಶನಕ್ಕೆ ಒಯ್ಯುತ್ತಾಳೆ. ಅದರ ಕೆಳಗೆ 'ಪರಮೇಶಪ್ಪ, ಕಲಾಸಂಗ್ರಾಹಕರು' ಎಂಬ ಚೀಟಿ ಇರುತ್ತದೆ. ಆ ಚೀಟಿಗಾಗಿ ಅವನು ಒಂದು ವಾರ ನಿದ್ದೆಗೆಟ್ಟಿದ್ದ.

ಸ್ನಾನ ಮುಗಿಸಿ ಹೊರಗೆ ಬಂದು ನೋಡುತ್ತಾನೆ, ಸರದಾರನ ಹಣೆಯ ಮೇಲೆ ಬೆಳ್ಳಗೆ ಮೂರು ಗೆರೆ, ಕೊರಳಲ್ಲಿ ಚೆಂಡುಹೂವಿನ ಮಾಲೆ!

"ಯಾರಿದು ಮಾಡಿದ್ದು?"

"ನಾನ ಮಾಡೇನೋ ತಮ್ಮಾ," ಎಂದು ಹಾಲವ್ವ ವಿಭೂತಿಯ ಬೆರಳು ಸೆರಗಿಗೆ ಒರೆಸಿಕೊಂಡಳು. "ಮಂದಿ ಬರೂದೈತಿ ಅಂತ ಸರೋಜಿ ಹೇಳಿದ್ಲು. ಹಿರ್‍ಯಾರನ್ನ ಹಿಂಗ ಬರೇ ಹಣಿಲೆ ಕುಂದ್ರಸ್ತಾರೇನು?"

"ಅಕ್ಕಾ, ಅಂವ ನಮ್ಮ ಹಿರ್‍ಯಾ ಅಲ್ಲ! ನವಾಬರ ಸರದಾರ!"

"ಸುಳ್ಳ ಹೇಳಬ್ಯಾಡ. ಆ ಕಣ್ಣ ನೋಡು, ನಿನ್ನವ ಅದಾವ. ನಿಮ್ಮ ಮುತ್ಯಾನ ಇರಬೇಕು."

ಫೋನು ಬಡಿದುಕೊಂಡಿತು. "ಸರ್, ತಡಸ ದಾಟಿದ್ವಿ," ಎಂದಳು ಶೀಲಾ.

ಪರಮೇಶಪ್ಪ ಒಣ ಅರಿವೆಯಿಂದ ಒರೆಸಿದ. ಗೆರೆಗಳು ಅಳಿಸಿ ಹಣೆಯೆಲ್ಲ ಬೂದಿಯಾಗಿ, ಸರದಾರ ಗಿರಣಿಯಲ್ಲಿ ಹಿಟ್ಟು ಬೀಸಿಕೊಂಡು ಬಂದವನಂತೆ ಕಂಡ. ಅಷ್ಟರಲ್ಲಿ ಗದ್ದಲ ಕೇಳಿ ಎದುರುಮನೆಯಿಂದ ಬಂದೇಸಾಬ ಬಂದ. ತಗಡನ್ನು ಬೆರಳಿನಿಂದ ಟಣ್ ಎಂದು ಬಾರಿಸಿ, "ಸಾವ್ಕಾರ್ರ, ಈ ತಗಡು ಎಲ್ಲೋ ನೋಡಿದಂಗ ಐತ್ರಿ. ಇರ್ಲಿ, ಒಂದೀಟು ಸೀಮೆಎಣ್ಣಿ ತರ್ಸ್ರಿ, ನಲವತ್ತು ವರ್ಷ ಬಣ್ಣದಾಗ ಕೈ ಆಡಿಸೇನಿ," ಎಂದ.

"ನೀವು ದೂರ ನಿಂದರ್ರಿ ಬಂದೇಸಾಬ್ರ. ಇದು ಕೆಮಿಸ್ಟ್ರಿ ಕೆಲಸ!"

"ಲಿಂಬಿಹಣ್ಣು ತಿಕ್ಕೋ ತಮ್ಮಾ, ದೇವರ ಪಾತ್ರಿ ಲಕಲಕ ಆಗ್ತಾವು," ಎಂದಳು ಹಾಲವ್ವ.

ಮತ್ತೆ ಫೋನು. "ಸರ್, ಶಿಗ್ಗಾಂವಿ ದಾಟಿದ್ವಿ."

ಅಷ್ಟರಲ್ಲಿ ಸರೋಜವ್ವ ಒಳಗಿನಿಂದ ಅವನದೇ ಫಿನಾಯಿಲ್ಲಿನ ಡಬ್ಬಿ ತಂದು ಮುಂದಿಟ್ಟಳು. "ಇದನ್ನ ಹಚ್ರಿ. ಯಾವ ಕಲೆ ಇದ್ರೂ ಹೋಗತೈತಿ, ಕೆಳಗಿನ ಬಣ್ಣಕ್ಕ ಏನೂ ಆಗಂಗಿಲ್ಲ ಅಂತ ಇಪ್ಪತ್ತು ವರ್ಷದಿಂದ ನೀವ ಹೇಳಾಕತ್ತೀರಿ."

"ಅದು... ನೆಲದ ಫರಶಿಗೆ ಹೇಳಿದ್ದು," ಎಂದು ಪರಮೇಶಪ್ಪ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಯಾಕೋ, ನಿನ್ನ ಮಾಲಿನ ಮ್ಯಾಲ ನಿನಗ ನಂಬಿಗಿಲ್ಲೇನು?" ಎಂದು ಹಾಲವ್ವ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ನಾವ್ಯಾಕ ತಗೋಬೇಕು?"

ಬಾಗಿಲಲ್ಲಿ ಓಣಿಯ ಇನ್ನೂ ನಾಲ್ಕು ಮುಖ ಇಣುಕಿದ್ದವು. ನಾಲ್ಕೂ ಗಿರಾಕಿಗಳೇ. ಒಲ್ಲೆನೆಂದರೆ ನಾಳೆಯಿಂದ ಓಣಿಯಲ್ಲಿ ಮಾಲು ಹೋಗದು. ಕಲಾಸಂಗ್ರಾಹಕ ಬೇಡವೆಂದ, ವ್ಯಾಪಾರಿ ಹೂಂ ಎಂದ, ಕೆಮಿಸ್ಟ್ ಕಣ್ಣು ಮುಚ್ಚಿಕೊಂಡ. ಪರಮೇಶಪ್ಪ ಅರಿವೆಯನ್ನು ಡಬ್ಬಿಯಲ್ಲಿ ಅದ್ದಿ, ಸರದಾರನ ಹಣೆಯ ಮೇಲೆ ಒಮ್ಮೆ ಮೆಲ್ಲಗೆ ಎಳೆದ.

ವಿಭೂತಿ ಹೋಯಿತು. ಹಣೆಯೂ ಹೋಯಿತು.

"ಅಯ್ಯೋ ಮುತ್ಯಾ!" ಎಂದಳು ಹಾಲವ್ವ. ಗಾಬರಿಯಲ್ಲಿ ಪರಮೇಶಪ್ಪ ಇನ್ನೊಮ್ಮೆ ಒರೆಸಿದ. ರುಮಾಲು ಹೋಯಿತು, ಗಡ್ಡ ಇಳಿಯಿತು, ನೂರೈವತ್ತು ವರ್ಷದ ವಾರ್ನಿಷ್ ಕಂದು ಬಣ್ಣದ ನೀರಾಗಿ ಮೊಣಕೈ ತನಕ ಹರಿಯಿತು. ಮೂಸಿ ನೋಡಿದ. ಚಹಾದ ಡಿಕಾಕ್ಷನ್. ಅಂಗಡಿಯಲ್ಲಿ ಮೂಸುವಾಗ ಅದೇ ವಾಸನೆಯ ಚಹಾದ ಲೋಟ ತನ್ನ ಕೈಯಲ್ಲಿದ್ದದ್ದು ಆಗ ನೆನಪಾಯಿತು.

ಬಣ್ಣ ಕರಗಿದಲ್ಲೆಲ್ಲ ಕೆಳಗಿನಿಂದ ಬೆಳ್ಳನೆಯ ಎನಾಮಲ್ ಹೊಳೆಯುತ್ತಾ ಬಂತು. ಕಣ್ಣು ಮಾತ್ರ ಅವೇ ಉಳಿದವು. ಅವುಗಳ ಸುತ್ತ ಮೂಡಿದ್ದು ಕ್ರಾಪು ಬಾಚಿದ, ಕೈಯಲ್ಲಿ ಬಾಟಲಿ ಹಿಡಿದು ಹಲ್ಲು ಕಿರಿಯುತ್ತಿರುವ ಮೂವತ್ತೈದರ ಪರಮೇಶಪ್ಪ. ಅವನ ಕೆಳಗೆ ಮೊಳದುದ್ದದ ನೀಲಿ ಅಕ್ಷರ: 'ಫಿನಾಯಿಲ್ ಪರಮೇಶಪ್ಪ. ಒಮ್ಮೆ ಒರೆಸಿ ನೋಡಿರಿ!'

ಬಂದೇಸಾಬನ ಕಣ್ಣಲ್ಲಿ ನೀರಾಡಿತು. "ನಾ ಬರದ ಬೋರ್ಡ್ರಿ ಸಾವ್ಕಾರ್ರ! ಗಾಳಿಗೆ ಹಾರಿಹೋದದ್ದು! ನೋಡ್ರಿ, ನನ್ನ ಬಣ್ಣ ಒಂದ ಎಳಿ ಅಲುಗಿಲ್ಲ."

"ಅಂದ್ರ ಸ್ಕೂಟರ್ ಕೊಟ್ಟು ನಮ್ಮ ಬೋರ್ಡು ನಾವ ತಂದೀವಿ?" ಎಂದಳು ಸರೋಜವ್ವ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪರಮೇಶಪ್ಪನಿಗೆ ಅಳು ಬರುವಂತಾಗಿತ್ತು. ವಾರವಿಡೀ ಕನಸಿನಲ್ಲಿ ಕಂಡ ಚೀಟಿ ಚಹಾದ ನೀರಿನಲ್ಲಿ ಹರಿದುಹೋಗಿತ್ತು.

ಆಗಲೇ ಬಾಗಿಲಲ್ಲಿ ಜೀಪು ನಿಂತಿತು. ಶೀಲಾ ಒಳಗೆ ಬಂದವಳೇ, "ಎಲ್ಲಿ ಸರ್, ಸರದಾರ?" ಎಂದಳು.

ಪರಮೇಶಪ್ಪ ಕೈಯಲ್ಲಿದ್ದ ಅರಿವೆಯನ್ನು ತೋರಿಸಿದ.

ಶೀಲಾ ಅರಿವೆ ನೋಡಲಿಲ್ಲ. ಅವಳ ಕಣ್ಣು ತಗಡಿನ ಮೇಲೆ ನೆಟ್ಟಿತ್ತು. "ಅಯ್ಯೋ ಸರ್! ಇದನ್ನ ಬಿಟ್ಟು ಸರದಾರನ ಬಗ್ಗೆ ಬರೆದಿದ್ರಾ? ಚಹಾ ಬಳಿದ ಸರದಾರರನ್ನ ನಾನು ವಾರಕ್ಕೊಂದು ನೋಡ್ತೀನಿ. ಕೈಯಲ್ಲಿ ಬರೆದ ಇಂಥ ಬೋರ್ಡು ಎಲ್ಲಿ ಸಿಗುತ್ತೆ? ಫ್ಲೆಕ್ಸ್ ಬಂದು ಎಲ್ಲಾ ಹೋಯ್ತಲ್ಲ! ಪ್ರದರ್ಶನದ ನಟ್ಟನಡುವೆ ಇದನ್ನೇ ಇಡ್ತೀನಿ."

ಪರಮೇಶಪ್ಪನ ಜೀವ ಮರಳಿ ಬಂತು. "ಹಂಗಾರ ಕೆಳಗ ಚೀಟಿ... 'ಪರಮೇಶಪ್ಪ, ಕಲಾಸಂಗ್ರಾಹಕರು'..."

"ಚೀಟಿಲಿ ಕಲಾವಿದರ ಹೆಸರು ಹಾಕ್ತೀವಿ ಸರ್. ಮೂಲೇಲಿ ಸಣ್ಣಗೆ ಸಹಿ ಇದೆ ನೋಡಿ: ಬಂದೇಸಾಬ್, ಸವಣೂರು. ನಿಮ್ಮ ಹೆಸರು ಬೋರ್ಡಲ್ಲೇ ಇದೆಯಲ್ಲ, ಇಷ್ಟು ದೊಡ್ಡದಾಗಿ!"

ಬೋರ್ಡು ಜೀಪಿನೊಳಗೆ ಹಿಡಿಸಲಿಲ್ಲ. ಬಂದೇಸಾಬನೇ ಮುಂದೆ ನಿಂತು ಅದನ್ನು ಹಿಂಬದಿಗೆ ಹೊರಮುಖವಾಗಿ ಕಟ್ಟಿಸಿದ. ಹಾಲವ್ವ ತನ್ನ ಮಾಲೆಯನ್ನು ವಾಪಸು ತೆಗೆದುಕೊಂಡಳು. ಬದುಕಿರುವವನ ಫೋಟೋಕ್ಕೆ ಮಾಲೆ ಬೇಡವೆಂದು ಅವಳಿಗೇ ಹೊಳೆದಿತ್ತು. ಬಾಟಲಿ ಹಿಡಿದು ನಗುತ್ತಿದ್ದ ಪರಮೇಶಪ್ಪ ಇಡೀ ಬಾಜಾರಿಗೆ ಮುಖ ತೋರಿಸುತ್ತಾ ಹುಬ್ಬಳ್ಳಿಯ ಮೇಲೆ ಬೆಂಗಳೂರಿನ ದಾರಿ ಹಿಡಿದ.

ಅರ್ಧ ಗಂಟೆಯಲ್ಲಿ ಶಿಗ್ಗಾಂವಿಯ ಅಂಗಡಿಕಾರನ ಫೋನು ಬಂತು. "ಫಿನಾಯಿಲ್ ಪರಮೇಶಪ್ಪನವರ, ನಿಮ್ಮ ಜಾಹೀರಾತಿನ ಗಾಡಿ ಈಗ ಇಲ್ಲೆ ಹಾದು ಹೋತ್ರಿ. ಮಂದಿ ಬಂದು ಕೇಳಾಕತ್ತಾರ. ನಾಲ್ಕು ಡಬ್ಬಿ ಲಗೂನ ತಂದುಕೊಡ್ರಿ!"

"ಈಗ ತರ್ತೇನ್ರಿ," ಎಂದ ಪರಮೇಶಪ್ಪ, ವ್ಯಾಪಾರಿಯ ರೂಢಿಯಂತೆ. ಅದೇ ರೂಢಿಯಲ್ಲಿ ಅವನ ಕೈ ಗೋಡೆಯ ಮೊಳೆಗೆ ಹೋಗಿ ಸ್ಕೂಟರಿನ ಕೀಲಿ ಹುಡುಕಿತು. ಮೊಳೆ ಬರಿದಾಗಿತ್ತು. ಕೈಗೆರಡರಂತೆ ನಾಲ್ಕು ಡಬ್ಬಿ ಹಿಡಿದುಕೊಂಡು ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ.