ನಮ್ಮ ಗೇಟಿನ ಮುಂದಿನ ಕೆಂಪು ಗುರುತು

ನನಗೆ ಅನುಮಾನದ ಕಾಯಿಲೆ ಇದೆ ಅಂತ ನನ್ನ ಹೆಂಡತಿ ಶಾರದಾ ಹೇಳುತ್ತಾಳೆ. ಕಾಯಿಲೆಯಲ್ಲ, ಅದು ನನ್ನ ಕಸುಬು. ಇಪ್ಪತ್ತೆರಡು ವರ್ಷ ವಿಮಾ ಕಚೇರಿಯಲ್ಲಿ ಕ್ಲೇಮು ಅರ್ಜಿಗಳನ್ನು ಪರಿಶೀಲಿಸಿದವನು ನಾನು. ಕಾಲು ಮುರಿದಿದೆ ಅಂತ ಅರ್ಜಿ ಬರೆದವರು ಬಸ್ಸಿನ ಹಿಂದೆ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಬೆಳಿಗ್ಗೆ ಹಾಲಿನವನು ನಕ್ಕರೂ ಪಾತ್ರೆಯ ಕಡೆ ಎರಡು ಸಲ ನೋಡುತ್ತೇನೆ. ಅಂಥವನ ಮನೆಗೆ ಒಬ್ಬರು ನಗುನಗುತ್ತಾ ಬಂದು, "ನಮ್ಮ ಬಡಾವಣೆಗೆ ಬಸ್ ತರಿಸ್ತೀನಿ, ಇಲ್ಲೊಂದು ಸಹಿ ಹಾಕಿ ಸಾರ್" ಅಂದರೆ ಏನಾಗಬೇಕು ಹೇಳಿ!

ಬಂದವರು ಎದುರುಮನೆಯ ನಂಜುಂಡಯ್ಯನವರು. ನಿವೃತ್ತ ಎಂಜಿನಿಯರ್, ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ತೊಂಬತ್ತರ ದಶಕದ ಕೊನೆ ಅದು. ಕೋಣನಕುಂಟೆ ಕಡೆ ಸೈಟು ಸಿಕ್ಕಿತು ಅಂತ ನಾವೆಲ್ಲ ಎದ್ದುಬಿದ್ದು ಮನೆ ಕಟ್ಟಿದ್ದೆವು. ದೇವರ ಮನೆ ಯಾವ ಮೂಲೆಗೆ, ನೀರಿನ ಸಂಪು ಯಾವ ಮೂಲೆಗೆ ಅಂತ ತಿಂಗಳುಗಟ್ಟಲೆ ಚರ್ಚೆ ಮಾಡಿದ್ದೆವು. ಬಸ್ಸು ಎಲ್ಲಿಗೆ ಬರುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ. ಅದು ಬರುತ್ತಿದ್ದದ್ದು ದೂರದ ಕನಕಪುರ ರಸ್ತೆಗೆ. ಜಯನಗರದ ಶಾಲೆಯಲ್ಲಿ ಟೀಚರಾಗಿದ್ದ ಶಾರದಾ ನೋಯುವ ಮಂಡಿ ಎಳೆದುಕೊಂಡು, ಖಾಲಿ ಸೈಟುಗಳ ನಾಯಿಗಳನ್ನು ಗದರಿಸುತ್ತಾ ದಿನಾ ಅಲ್ಲಿಗೆ ನಡೆಯಬೇಕಿತ್ತು. ಸಂಜೆ ಬಂದವಳು ಮೆಟ್ಟಿಲ ಮೇಲೇ ಸ್ವಲ್ಪ ಹೊತ್ತು ಕೂತು ಆಮೇಲೆ ಒಳಗೆ ಬರುತ್ತಿದ್ದಳು.

ಸಂಘದ ಮೀಟಿಂಗಿಗೆ ನಗರ ಯೋಜನೆ ಓದಿದ ಒಬ್ಬ ಮೇಡಂ ಬಂದು ನಕ್ಷೆ ಹರಡಿದರು. "ಮೊದಲು ಬಸ್ ದಾರಿ ಹಾಕಿ, ಅದರ ಸುತ್ತ ಮನೆ ಕಟ್ಬೇಕು ಸಾರ್. ನೀವು ಉಲ್ಟಾ ಮಾಡಿದ್ದೀರ. ಈಗಲಾದ್ರೂ ಯಾವ ಮನೆಯಿಂದ ಹೊರಟ್ರೂ ಐದು ನಿಮಿಷದಲ್ಲಿ ಸ್ಟಾಪ್ ಸಿಗೋ ಹಾಗೆ ಮಾಡೋಣ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟಾಪು ಯಾರ ಮನೆ ಮುಂದೆ ಅಂದ ಕೂಡಲೇ ಚಪ್ಪಾಳೆ ನಿಂತಿತು. ಒಬ್ಬರಿಗೆ ಧೂಳಿನ ಅಲರ್ಜಿ, ಒಬ್ಬರ ಮಗಳಿಗೆ ಪರೀಕ್ಷೆ, ಇನ್ನೊಬ್ಬರಿಗೆ ಗೇಟಿನ ಎದುರು ಕಂಬ ಬಂದರೆ ವಾಸ್ತು ಕೆಡುತ್ತದಂತೆ. ನಂಜುಂಡಯ್ಯ ಮಾತ್ರ "ನನಗೆ ಬಿಡಿ, ನೋಡ್ಕೋತೀನಿ" ಅಂದರು. ನಾನು ಆಗಲೇ ಹುಬ್ಬೇರಿಸಿದೆ. ಯಾರಿಗೂ ಬೇಡದ ಕೆಲಸಕ್ಕೆ ಮುಂದೆ ಬರುವವರನ್ನು ಕಂಡರೆ ನನಗಾಗದು.

ವಾರದೊಳಗೆ ನಮ್ಮ ಗೇಟಿನ ಪಕ್ಕದ ಚರಂಡಿ ಚಪ್ಪಡಿಯ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿತ್ತು! ಕೇಳಿದರೆ ನಂಜುಂಡಯ್ಯ, "ಬಸ್ ಸ್ಟಾಪ್ ಕಂಬಕ್ಕೆ ಸಾರ್. ಎಲ್ರಿಗೂ ಮಧ್ಯ ಆಗುತ್ತೆ" ಅಂತ ಅದೇ ನಗು ನಕ್ಕರು. ಮಧ್ಯವಂತೆ ಮಧ್ಯ! ಅವರ ಮನೆ ಎದುರಿಗೇ ಇದೆ. ಅದೇನು ಬಡಾವಣೆಯ ಅಂಚೇ? ಊರಿನವರೆಲ್ಲ ನನ್ನ ಕಾಂಪೌಂಡಿಗೆ ಎಲೆಯಡಿಕೆ ಉಗಿಯುವುದು, ಕಡ್ಲೆಕಾಯಿ ಸಿಪ್ಪೆ ಎರಚುವುದು, ಕಿಟಕಿಯಲ್ಲಿ ಇಣುಕಿ ನಮ್ಮ ಟಿವಿ ನೋಡುವುದು, ಎಲ್ಲ ಕಣ್ಣಿಗೆ ಕಟ್ಟಿತು. "ಮನೆ ಮುಂದೇನೇ ಬಸ್ ಬಂದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವೇನ್ರೀ" ಅಂದಳು ಶಾರದಾ. "ನೀನು ಸುಮ್ನಿರು, ನಿಂಗೆ ಪ್ರಪಂಚ ಗೊತ್ತಿಲ್ಲ" ಅಂದೆ.

ಭಾನುವಾರ ಅವಳು ತಂಗಿಯ ಮನೆಗೆ ಹೋದಾಗ, ತೊಟ್ಟಿಯ ಬಿರುಕಿಗೆ ಮೆತ್ತಿ ಉಳಿದಿದ್ದ ಸಿಮೆಂಟು ಕಲಸಿ ಗುರುತಿನ ಮೇಲೆ ಬಳಿದುಬಿಟ್ಟೆ. ಯಾರಾದರೂ ನೋಡಿದರೆ ಇರಲಿ ಅಂತ ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದಿದ್ದೆ.

ಎರಡು ದಿನ ಬಿಟ್ಟು ಕಂಬ ಹೊತ್ತ ಗಾಡಿ ಬಂತು. "ಸಾರ್, ಇಲ್ಲೆಲ್ಲೋ ಕೆಂಪು ಮಾರ್ಕ್ ಇರ್ಬೇಕಲ್ಲಾ?" ಅಂದ ಮೇಸ್ತ್ರಿ. "ಯಾವ ಮಾರ್ಕಪ್ಪ?" ಅಂದೆ. ನಂಜುಂಡಯ್ಯ ಊರಲ್ಲಿರಲಿಲ್ಲ. ಗಾಡಿಯವರು ಬಡಾವಣೆಯೆಲ್ಲ ಸುತ್ತಿ, ಕಡೆಗೆ ಮೂಲೆಯ ನೀಲಗಿರಿ ತೋಪಿನ ಬಳಿ ಯಾರೋ ಸೈಟು ಅಳೆದು ಕಲ್ಲಿಗೆ ಬಳಿದಿದ್ದ ಕೆಂಪು ಬಣ್ಣ ನೋಡಿ, ಅದೇ ಇರಬೇಕು ಅಂತ ಅಲ್ಲೇ ಕಂಬ ನೆಟ್ಟು ಹೋದರು. ಬಸ್ಸೂ ಹಿಂದಿನ ಹಳ್ಳಿ ರಸ್ತೆಯಿಂದ ಅಲ್ಲಿಗೆ ಬಂದು ಅಲ್ಲಿಂದಲೇ ತಿರುಗತೊಡಗಿತು. ನಮಗೆ ಕನಕಪುರ ರಸ್ತೆ ಎಷ್ಟು ದೂರವೋ ತೋಪೂ ಅಷ್ಟೇ ದೂರ, ಸಾಲದ್ದಕ್ಕೆ ಏರು ದಾರಿ. ಆದರೂ ಬಸ್ಸು ಅಲ್ಲಿಂದಲೇ ಹೊರಡುವುದರಿಂದ ಕೂರಲು ಸೀಟಾದರೂ ಸಿಗುತ್ತದೆ ಅಂತ ಶಾರದಾ ಅಲ್ಲಿಗೇ ಹೋಗತೊಡಗಿದಳು.

ಊರಿಂದ ಬಂದ ನಂಜುಂಡಯ್ಯ ನೇರ ನಮ್ಮ ಮನೆಗೇ ಬಂದರು. ಈ ಸಲ ನಗು ಇರಲಿಲ್ಲ. "ಟೀಚರಮ್ಮ ಮಂಡಿ ಹಿಡ್ಕೊಂಡು ನಡೆಯೋದನ್ನ ದಿನಾ ಕಿಟಕಿಯಿಂದ ನೋಡ್ತಿದ್ದೆ ಸಾರ್. ಅದಕ್ಕೇ ನಿಮ್ಮ ಗೇಟಿನ ಹತ್ರಾನೇ ಗುರುತು ಹಾಕಿಸಿದ್ದೆ. ಯಾವ ಪುಣ್ಯಾತ್ಮ ಅಳಿಸಿದ್ನೋ! ಈಗ ಬದಲಾಯಿಸ್ಬೇಕು ಅಂದ್ರೆ ಮತ್ತೆ ಮೊದಲಿಂದ ಅರ್ಜಿ, ಸಹಿ" ಅಂದರು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ಮಾರನೇ ಬೆಳಿಗ್ಗೆಯಿಂದ ಶಾರದಾಳ ಚೀಲ ಹೊತ್ತು ನಾನೂ ತೋಪಿನವರೆಗೆ ಹೋಗತೊಡಗಿದೆ. ಒಂದು ದಿನ ಏರಿನ ಅರ್ಧಕ್ಕೆ ನಿಂತು, ಮಂಡಿ ಒತ್ತಿಕೊಳ್ಳುತ್ತಾ ಅವಳು ಕೇಳಿದಳು: "ಅಲ್ರೀ, ಆ ಗುರುತು ಅಳಿಸಿದ್ದು ಯಾರಿರಬಹುದು? ಊರಲ್ಲಿ ಯಾರನ್ನೂ ನೀವು ಬಿಟ್ಟೋರಲ್ಲ. ಹೇಳಿ ನೋಡೋಣ, ಯಾರ ಮೇಲೆ ಅನುಮಾನ ನಿಮಗೆ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನನಗೆ ಯಾರ ಮೇಲೂ ಅನುಮಾನವಿರಲಿಲ್ಲ.