ಡೇಟಾಬೇಸಿಗೆ ಬಂದ ಮಾಮಿಯ ಗಸಿ

ಕಪ್ಪು ಹಲಗೆಯಲ್ಲಿದ್ದದ್ದನ್ನು ಅಲ್ಪವಿರಾಮವೂ ತಪ್ಪದಂತೆ ಇಳಿಸಿಕೊಳ್ಳುವ ಹುಡುಗಿಯರೆಂದರೆ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಬಹಳ ಪ್ರೀತಿ. ನಾನು ಅಂಥ ಹುಡುಗಿ. ಬಹುಮಾನವಾಗಿ ಒಂದು ಸೋಪಿನ ಡಬ್ಬಿಯೂ ಸಿಕ್ಕಿತ್ತು. ಹಾಗೆ ಬೆಳೆದವಳು ಐವತ್ತರ ಹತ್ತಿರ ಬಂದು ವೀಡಿಯೊ ನೋಡಿ ಕಂಪ್ಯೂಟರ್ ಕಲಿಯಲು ಹೊರಟರೆ ಏನಾಗುತ್ತದೆಂದು ಹೇಳುತ್ತೇನೆ.

ಹೊರಟದ್ದು ಅತ್ತೆಯ ಕೋಳಿ ಗಸಿಗಾಗಿ, ತೆಂಗಿನಕಾಯಿ ಅರೆದು ಮಾಡುವ ಆ ಮಂದ ಸಾರಿಗಾಗಿ. ಅತ್ತೆಯನ್ನು ನಾವು ಮಾಮಿ ಎನ್ನುವುದು. ಅಡುಗೆಗಳಿಗೊಂದು ಕೋಷ್ಟಕ, ಸಾಮಾನುಗಳಿಗೊಂದು ಕೋಷ್ಟಕ ಎಂದು ಮಾಮಿಯ ಕೈರುಚಿಯನ್ನೆಲ್ಲ ಡೇಟಾಬೇಸಿನಲ್ಲಿ ತುಂಬಿಸಿ, ವೆಬ್‌ಪುಟದಲ್ಲಿ ತೋರಿಸಬೇಕೆಂಬುದು ನನ್ನ ಆಸೆ. ಆದಿತ್ಯವಾರ ಅವರು ಕೂಳೂರಿನ ಮಗಳ ಮನೆಗೆ ಹೊರಡುವವರು. ಮರಳುವುದು ಮೂರು ತಿಂಗಳ ಮೇಲೆ. ಹೊರಡುವ ಮೊದಲೇ ಅವರು ನೋಡಿ ಸರಿ ಎನ್ನದಿದ್ದರೆ ಅದು ನನ್ನ ಊಹೆಯ ಗಸಿಯಾಗಿ ಉಳಿಯುತ್ತದೆ. ಸಾಮಾನೆಲ್ಲ ಒಳಗೆ ಸೇರಿತು. ಅದನ್ನು ಪುಟಕ್ಕೆ ತರಬೇಕಾದ ಪಿಎಚ್‌ಪಿ ಸ್ಕ್ರಿಪ್ಟ್ ಮಾತ್ರ ಬಾಗಿಲಲ್ಲೇ ನಿಂತಿತು. ಪ್ರವೇಶವಿಲ್ಲವಂತೆ! ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಒಳಗೆ ಕೂತು ಬೇಡ ಎನ್ನುವವರು ಯಾರು? ನಾಲ್ಕು ಕಾಳು ಕೊತ್ತಂಬರಿಗೆ ಇಷ್ಟು ಕಾವಲೇ?

ಶನಿವಾರ ಕಾಲೇಜಿನಿಂದ ಬಂದ ಮಗಳು ಪ್ರಣೀತಾ ಇಣುಕಿದಳು. "ಅಮ್ಮಾ, ಪಾಸ್‌ವರ್ಡ್ ಎಂತ ಹಾಕಿದ್ದಿ?"

"ವೀಡಿಯೊದಲ್ಲಿ ಬರೆದದ್ದೇ. ಯುವರ್ ಪಾಸ್‌ವರ್ಡ್."

"ಅಯ್ಯೋ ಮಾರಾಯ್ತಿ! ಆ ಜಾಗದಲ್ಲಿ ನಿನ್ನದನ್ನು ಹಾಕ್ಲಿಕ್ಕೆ ಹೇಳಿದ್ದು!" ಅವಳು ನೆಲದಲ್ಲಿ ಕೂತು ನಕ್ಕಳು.

ನಿಜವಾದ ಪಾಸ್‌ವರ್ಡ್ ಅಕ್ಕಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಟ್ಟಿದ್ದೆ. ಅದನ್ನು ಸ್ಕ್ರಿಪ್ಟಿಗೆ ಕೊಟ್ಟದ್ದೇ ತಡ, ಕೋಳಿ, ತೆಂಗಿನಕಾಯಿ, ಮೆಣಸು ಎಲ್ಲವೂ ಅಸೆಂಬ್ಲಿಗೆ ಬಂದ ಹುಡುಗಿಯರ ಹಾಗೆ ಪುಟದಲ್ಲಿ ಸಾಲಾಗಿ ನಿಂತವು. ಪ್ರಯಾಣಕ್ಕೆ ಸೀರೆ ಮಡಚುತ್ತಿದ್ದ ಮಾಮಿಯನ್ನು ಕರೆದು ಕೂರಿಸಿದೆ. ಅವರು ಕನ್ನಡಕ ಏರಿಸಿ ಓದಿದರು.

"ಕೊತ್ತಂಬರಿ ಒಂದು ಮುಷ್ಟಿ. ಯಾರ ಮುಷ್ಟಿ ಇದು?"

"ನೀವೇ ಹೇಳಿದ್ದಲ್ವಾ ಮಾಮಿ?"

"ನಾನು ಹೇಳಿದ್ದು ನನ್ನ ಮುಷ್ಟಿ. ಎಲ್ಲಿ, ನಿನ್ನ ಕೈ ತೋರಿಸು." ತೋರಿಸಿದೆ. "ಈ ಕೈಯಲ್ಲಿ ಹಾಕಿದ್ರೆ ಅದು ಗಸಿಯಲ್ಲ, ಸೂಪು."

ಕೂಡಲೇ ಕೂಳೂರಿಗೆ ಫೋನು ಹೋಯಿತು. "ಈ ವಾರ ನಾನು ಬರುವುದಿಲ್ಲ. ನಿನ್ನ ಅತ್ತಿಗೆ ಗಸಿ ಹಾಳು ಮಾಡಿ ಊರಿಗೆಲ್ಲ ತೋರಿಸ್ಲಿಕ್ಕೆ ಹೊರಟಿದ್ದಾಳೆ."

ಈಗ ಮಾಮಿ ಮುಷ್ಟಿ ಹಿಡಿಯುತ್ತಾರೆ, ನಾನು ತೂಗುತ್ತೇನೆ. ಮೊದಲ ಸಲ ಹದಿನೆಂಟು ಗ್ರಾಂ ಬಂತು, ಎರಡನೆಯ ಸಲ ಇಪ್ಪತ್ತಾರು. ಇದೇನೆಂದು ಕೇಳಿದರೆ, "ಮೊದಲಿನದು ನಿನ್ನ ಗಂಡನ ಹೊಟ್ಟೆ ಸರಿ ಇಲ್ಲದ ದಿನಕ್ಕೆ" ಎಂದರು. ಸರಿ, ಗಂಡನ ಹೊಟ್ಟೆಗೂ ಒಂದು ಕೋಷ್ಟಕ ಮಾಡಿಟ್ಟಿದ್ದೇನೆ. ಇಪ್ಪತ್ತೈದು ವರ್ಷ ಬಡಿಸಿದವಳಿಗೆ ಅದರಲ್ಲಿ ತುಂಬಿಸಲು ಇನ್ನೂ ಒಂದು ಸಾಲೂ ಸಿಕ್ಕಿಲ್ಲ.